ಆಸ್ಟ್ರೇಲಿಯದಲ್ಲಿ ಮನೆತನದ ಬೇರು ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯದಲ್ಲಿ ಸರ್ಕಾರ ಯಾರ ಮೇಲೆ ಕಣ್ಣಿಟ್ಟಿತ್ತೋ ಅವರ ಕಾಗದಪತ್ರ ರಾಶಿಯಾಗಿ ಉಳಿದಿದೆ. ಕೈದಿಗಳು, ಸರ್ಕಾರದ ಖರ್ಚಿನಲ್ಲಿ ಹಡಗು ಹತ್ತಿ ಬಂದ ಬಡವರು, ಬಿಳಿಯರಲ್ಲದ ವ್ಯಾಪಾರಿಗಳು, ಎಲ್ಲರಿಗಿಂತ ಹೆಚ್ಚಾಗಿ ಈ ನೆಲದ ಮೂಲನಿವಾಸಿಗಳಾದ ಅಬಾರಿಜಿನಲ್ ಜನ. ಸ್ವಂತ ದುಡ್ಡಿನಲ್ಲಿ ಬಂದು ತಮ್ಮ ಪಾಡಿಗೆ ಬೇಸಾಯ ಮಾಡಿಕೊಂಡಿದ್ದವರ ಹೆಸರು ಮದುವೆಗೊಮ್ಮೆ, ಸಾವಿಗೊಮ್ಮೆ ಕಂಡು ಮಾಯವಾಗುತ್ತದೆ. ಆದ್ದರಿಂದ ಇಲ್ಲಿ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ವ್ಯಕ್ತಿಯ ಮೇಲೆ ಯಾರ ಕಣ್ಣಿತ್ತು, ಯಾಕೆ? ಆ ಉತ್ತರವೇ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂದು ಹೇಳುತ್ತದೆ.

ಎಲ್ಲಿಂದ ಶುರು ಮಾಡುವುದು?

ನಿಮ್ಮಿಂದ, ಒಂದೊಂದೇ ತಲೆಮಾರು ಹಿಂದಕ್ಕೆ. ಪ್ರಸಿದ್ಧ ಪೂರ್ವಜರೊಬ್ಬರನ್ನು ಹಿಡಿದು ಅಲ್ಲಿಂದ ಕೆಳಗಿಳಿಯಲು ಹೊರಟರೆ ಅದೇ ಹೆಸರಿನ ಬೇರೆ ಮನೆತನಕ್ಕೆ ಹೋಗಿ ಸೇರುವುದೇ ಹೆಚ್ಚು. ಮೊದಲು ಹಿರಿಯರ ಹತ್ತಿರ ಕೂತು ಮಾತಾಡಿ. ಹಳೆಯ ಫೋಟೋಗಳ ಹಿಂಬದಿ, ಕುಟುಂಬದ ಬೈಬಲ್ಲಿನ ಮೊದಲ ಪುಟ, ಅಂತ್ಯಕ್ರಿಯೆಯ ಕಾರ್ಡು ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರತಿ ಸಂಗತಿಯ ಪಕ್ಕದಲ್ಲೂ ಅದು ಎಲ್ಲಿ ಸಿಕ್ಕಿತು, ಯಾರು ಹೇಳಿದರು ಎಂದು ಬರೆದಿಡಿ. ಆರು ತಿಂಗಳ ನಂತರ ಎರಡು ದಾಖಲೆ ಒಂದಕ್ಕೊಂದು ವಿರುದ್ಧ ಹೇಳಿದಾಗ ಯಾವುದನ್ನು ನಂಬಬೇಕೆಂದು ತೀರ್ಮಾನಿಸಲು ಈ ಟಿಪ್ಪಣಿಯೇ ಬೇಕು.

ಮೊದಲು ಯಾವ ಸರ್ಟಿಫಿಕೇಟು ತರಿಸಬೇಕು?

ಮರಣದ್ದು. 1850ರ ದಶಕದಿಂದ ಈಚೆಗೆ ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್‌ನ ಮರಣಪತ್ರದಲ್ಲಿ ತಂದೆ ತಾಯಿಯ ಹೆಸರು, ತಾಯಿಯ ತವರಿನ ಹೆಸರು, ಹುಟ್ಟಿದ ಊರು, ವಸಾಹತಿನಲ್ಲಿ ಎಷ್ಟು ವರ್ಷ ಇದ್ದರು, ಎಲ್ಲಿ, ಯಾವ ವಯಸ್ಸಿನಲ್ಲಿ, ಯಾರನ್ನು ಮದುವೆಯಾದರು, ಮಕ್ಕಳು ಯಾರು ಎಂದೆಲ್ಲ ಬರೆಯಲು ಕಲಂಗಳಿವೆ. ಅದೇ ಕಾಲದ ಇಂಗ್ಲೆಂಡಿನ ಮರಣಪತ್ರದಲ್ಲಿ ಸಾಮಾನ್ಯವಾಗಿ ತಂದೆ ತಾಯಿಯ ಹೆಸರೇ ಇರುವುದಿಲ್ಲ. ಆದರೆ ಈ ವಿವರ ಕೊಟ್ಟವರು ಸತ್ತವರಲ್ಲ, ಬದುಕಿದ್ದ ಯಾರೋ. ಮಗಳು ಹೇಳಿದ್ದರೆ ಅಜ್ಜಿಯ ಹೆಸರು ಸರಿಯಿರುವ ಸಂಭವ ಹೆಚ್ಚು. ಆಸ್ಪತ್ರೆಯ ಗುಮಾಸ್ತ ಹೇಳಿದ್ದರೆ ಅರ್ಧ ಕಲಂಗಳಲ್ಲಿ ‘ಗೊತ್ತಿಲ್ಲ’ ಎಂದೇ ಇರುತ್ತದೆ. ಮಾಹಿತಿ ಕೊಟ್ಟವರ ಕಲಂ ಓದದೆ ಉಳಿದದ್ದನ್ನು ನಂಬಬೇಡಿ.

ಯಾವ ರಾಜ್ಯದಲ್ಲಿ ಹುಡುಕಬೇಕು?

ಹುಟ್ಟು, ಮದುವೆ, ಸಾವಿನ ನೋಂದಣಿ ಕೇಂದ್ರ ಸರ್ಕಾರದ್ದಲ್ಲ, ಒಂದೊಂದು ರಾಜ್ಯದ್ದು. ಶುರುವಾದ ವರ್ಷಗಳೂ ಬೇರೆ: ಟಾಸ್ಮೇನಿಯ 1838, ಪಶ್ಚಿಮ ಆಸ್ಟ್ರೇಲಿಯ 1841, ದಕ್ಷಿಣ ಆಸ್ಟ್ರೇಲಿಯ 1842, ವಿಕ್ಟೋರಿಯ 1853, ನ್ಯೂ ಸೌತ್ ವೇಲ್ಸ್ 1856. ಅದಕ್ಕೂ ಹಿಂದಿನದಕ್ಕೆ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರುಗಳೇ ಗತಿ.

ಜನ ಹೆಚ್ಚಾಗಿ ಎಡವುವುದು ಗಡಿಗಳಲ್ಲಿ. ವಿಕ್ಟೋರಿಯ 1851ರವರೆಗೆ, ಕ್ವೀನ್ಸ್‌ಲ್ಯಾಂಡ್ 1859ರವರೆಗೆ ನ್ಯೂ ಸೌತ್ ವೇಲ್ಸ್‌ನ ಭಾಗವಾಗಿದ್ದವು. ಟಾಸ್ಮೇನಿಯದ ಹೆಸರು 1856ರವರೆಗೆ ವ್ಯಾನ್ ಡೀಮನ್ಸ್ ಲ್ಯಾಂಡ್. ಉತ್ತರ ಪ್ರಾಂತ್ಯವನ್ನು 1911ರವರೆಗೆ ಆಳಿದ್ದು ದಕ್ಷಿಣ ಆಸ್ಟ್ರೇಲಿಯ. ಕ್ಯಾನ್‌ಬೆರಾ ಪ್ರದೇಶದ ನೋಂದಣಿ 1930ರವರೆಗೆ ನ್ಯೂ ಸೌತ್ ವೇಲ್ಸ್‌ನಲ್ಲೇ ಆಗುತ್ತಿತ್ತು. ಮರ್ರೆ ನದಿ ದಂಡೆಯ ಕುಟುಂಬವಾದರೆ ಎರಡೂ ದಡದ ರಾಜ್ಯಗಳಲ್ಲಿ ಹುಡುಕಿ. ಹೆರಿಗೆಗೆ ನದಿ ದಾಟಿ ಹತ್ತಿರದ ಪೇಟೆಗೆ ಹೋಗುತ್ತಿದ್ದರು.

ನೋಂದಣಿ ಕಚೇರಿಯ ಹೆಸರುಗಳ ಇಂಡೆಕ್ಸಿನಲ್ಲಿ ಹೆಸರೇ ಬರುತ್ತಿಲ್ಲ, ಏನು ಮಾಡಲಿ?

ಮೊದಲು ಗೋಪ್ಯತೆಯ ಅವಧಿ ನೋಡಿ. ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟು 100 ವರ್ಷ, ಮದುವೆ 50, ಸಾವು 30 ವರ್ಷ ದಾಟಿದ ಮೇಲೆ ಮಾತ್ರ ಸಾರ್ವಜನಿಕ ಇಂಡೆಕ್ಸಿಗೆ ಬರುತ್ತದೆ. ಅವಧಿ ದಾಟಿದ್ದರೂ ಸಿಗದಿದ್ದರೆ ಕುಲನಾಮ ಬಿಟ್ಟು ತಂದೆ ತಾಯಿಯ ಮೊದಲ ಹೆಸರಿನಿಂದ ಹುಡುಕಿ. ಗುಮಾಸ್ತ ಬರೆದದ್ದು ಕಿವಿಗೆ ಬಿದ್ದ ಹಾಗೆ. ಐರಿಷ್ ಉಚ್ಚಾರದಲ್ಲಿ ಹೇಳಿದ ಒಂದೇ ಹೆಸರಿಗೆ ನಾಲ್ಕು ಕಾಗುಣಿತ ಸಿಗುತ್ತವೆ. ಚೀನೀಯರ ಹೆಸರಿನ ಮುಂದಿನ ‘ಆ’ ಎಂಬುದು ಕುಲನಾಮವೇ ಅಲ್ಲ, ಕರೆಯುವಾಗ ಸೇರಿಸುವ ಸಲುಗೆಯ ಶಬ್ದ. ದಾಖಲೆಯಲ್ಲಿ ಅದೇ ಮನೆತನದ ಹೆಸರಾಗಿ ಕೂತುಬಿಟ್ಟಿತು. ತಂದೆಯ ಹೆಸರನ್ನೋ ಊರನ್ನೋ ಕೊನೆಯ ಹೆಸರಿನ ಕಲಂಗೆ ತುಂಬಿ ಅಭ್ಯಾಸವಿರುವ ನಮಗೆ ಈ ಅವಾಂತರ ಬೇಗ ಅರ್ಥವಾಗುತ್ತದೆ.

ಜನಗಣತಿ ಪಟ್ಟಿ ನೋಡಿದರೆ ಸಾಕಲ್ಲವೇ?

ಬ್ರಿಟನ್ನಿನಲ್ಲಿ ಸಾಕು, ಇಲ್ಲಿ ಆಗದು. ಆಸ್ಟ್ರೇಲಿಯದಲ್ಲಿ ಲೆಕ್ಕ ಮುಗಿದ ಮೇಲೆ ಮನೆಮನೆಯ ಫಾರಂಗಳನ್ನು ನಾಶ ಮಾಡುವುದೇ ಪದ್ಧತಿಯಾಗಿತ್ತು. 1882ರ ಸೆಪ್ಟೆಂಬರ್ 22ರಂದು ಸಿಡ್ನಿಯ ಗಾರ್ಡನ್ ಪ್ಯಾಲೆಸ್ ಕಟ್ಟಡ ಸುಟ್ಟುಹೋದಾಗ ಅಲ್ಲಿದ್ದ 1881ರ ಗಣತಿಯ ಕಾಗದಗಳೂ ಬೂದಿಯಾದವು. ನ್ಯೂ ಸೌತ್ ವೇಲ್ಸ್‌ನ 1828ರ ಗಣತಿ ಹೆಸರು ಸಮೇತ ಉಳಿದಿರುವುದು ದೊಡ್ಡ ಅದೃಷ್ಟ. 2001ರಿಂದ ಒಪ್ಪಿಗೆ ಕೊಟ್ಟವರ ವಿವರ ಮಾತ್ರ 99 ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುವ ಏರ್ಪಾಡಿದೆ.

ಗಣತಿಯ ಬದಲಿಗೆ ಮತದಾರರ ಪಟ್ಟಿ ಬಳಸಿ. ಬಿಳಿಯ ಹೆಂಗಸರಿಗೆ ಕೇಂದ್ರ ಚುನಾವಣೆಯ ಮತ 1902ರಲ್ಲೇ ಬಂತು, ಹೆಸರು ನೋಂದಾಯಿಸುವುದು 1911ರಲ್ಲಿ ಕಡ್ಡಾಯವಾಯಿತು. ಒಂದೇ ವಿಳಾಸದಲ್ಲಿರುವ ವಯಸ್ಕರನ್ನು ಒಟ್ಟಿಗೆ ನೋಡಿದರೆ ಮನೆಯ ಚಿತ್ರ ಮೂಡುತ್ತದೆ. ಸಿಡ್ನಿಗೆ 1858ರಿಂದ 1933ರವರೆಗಿನ ಸ್ಯಾಂಡ್ಸ್ ಡೈರೆಕ್ಟರಿಯಲ್ಲಿ ನಿವಾಸಿಗಳ ಹೆಸರು ಬೀದಿವಾರು ಸಿಗುತ್ತದೆ. ಪತ್ರಿಕೆಗಳಿಗೆ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಜಾಲತಾಣವಿದೆ. ಉಚಿತ, ಮತ್ತು ಹೆಚ್ಚಿನ ಪತ್ರಿಕೆಗಳು 1954ರವರೆಗೆ ಓದಲು ಸಿಗುತ್ತವೆ. ಯಂತ್ರ ಅಕ್ಷರ ತಪ್ಪಾಗಿ ಓದಿರುವುದು ಸಾಮಾನ್ಯ. ಹೆಸರಿನ ಜೊತೆ ಊರು ಅಥವಾ ಜಮೀನಿನ ಹೆಸರು ಸೇರಿಸಿ ಹುಡುಕಿ, ಸಿಕ್ಕ ಕಡೆ ತಪ್ಪು ತಿದ್ದಿ. ಮುಂದೆ ಹುಡುಕುವವರಿಗೆ ಅದು ನೇರ ಉಪಕಾರ.

ಪೂರ್ವಜರು ಕೈದಿಯಾಗಿದ್ದರೆ?

ಕಾಗದದ ಮಟ್ಟಿಗೆ ಅದೃಷ್ಟವಂತರು ನೀವು. 1788ರಿಂದ 1868ರವರೆಗೆ ಸುಮಾರು 1,62,000 ಕೈದಿಗಳನ್ನು ಹಡಗಿನಲ್ಲಿ ತಂದು ಇಳಿಸಿದರು. ಅವರನ್ನು ಗುರುತಿಸುತ್ತಿದ್ದದ್ದು ಹೆಸರಿನಿಂದಲ್ಲ, ಹೆಸರು ಮತ್ತು ಹಡಗಿನಿಂದ. ಒಂದೇ ಹೆಸರಿನ ಹತ್ತಾರು ಜನರಲ್ಲಿ ನಿಮ್ಮವರು ಯಾರೆಂದು ತಿಳಿಯಲು ಹಡಗಿನ ಹೆಸರು, ಬಂದ ವರ್ಷ ಬೇಕೇ ಬೇಕು. ಅದು ಟಿಕೆಟ್ ಆಫ್ ಲೀವ್ (ಶಿಕ್ಷೆ ಮುಗಿಯುವ ಮೊದಲೇ ಸ್ವಂತವಾಗಿ ದುಡಿಯಲು ಬಿಡುವ ಅನುಮತಿ) ಪತ್ರದಲ್ಲೋ ಬಿಡುಗಡೆ ಪತ್ರದಲ್ಲೋ ಮದುವೆಗೆ ಅನುಮತಿ ಕೇಳಿದ ಅರ್ಜಿಯಲ್ಲೋ ಸಿಗುತ್ತದೆ. ಟಾಸ್ಮೇನಿಯದ ನಡತೆ ರಿಜಿಸ್ಟರುಗಳಲ್ಲಿ ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ಹುಟ್ಟೂರು, ತಿಂದ ಛಡಿಯೇಟಿನ ಲೆಕ್ಕವೂ ಇದೆ, ಆನ್‌ಲೈನಿನಲ್ಲಿ ಉಚಿತ. ಈ ಕಳಂಕ ಮುಚ್ಚಲು ಎಷ್ಟೋ ಮನೆಗಳಲ್ಲಿ ಅಜ್ಜನನ್ನು ‘ಸ್ವತಂತ್ರವಾಗಿ ಬಂದವರು’ ಎಂದೇ ಹೇಳುತ್ತಾ ಬಂದಿದ್ದಾರೆ. ಬಂದ ಹಡಗಿನ ಹೆಸರು ಯಾರ ಬಾಯಲ್ಲೂ ಬರದಿದ್ದರೆ ಕೈದಿ ಪಟ್ಟಿಯಲ್ಲೂ ಒಮ್ಮೆ ನೋಡಿ.

ಸ್ವತಂತ್ರವಾಗಿ ಬಂದವರ ಹಡಗು ಹೇಗೆ ಪತ್ತೆ?

ಸರ್ಕಾರ ಟಿಕೆಟ್ ಕೊಟ್ಟು ಕರೆತಂದವರ ಪಟ್ಟಿಯಲ್ಲಿ ವಯಸ್ಸು, ಕಸುಬು, ಧರ್ಮ, ಓದುಬರಹ, ಕೆಲವೊಮ್ಮೆ ಹುಟ್ಟೂರು ಮತ್ತು ತಂದೆ ತಾಯಿಯ ಹೆಸರೂ ಇದೆ. ತಾವೇ ಹಣ ಕೊಟ್ಟವರ ಬಗ್ಗೆ ಬರೀ ‘ಮಿಸ್ಟರ್ ಸ್ಮಿತ್’ ಎಂದಿರಬಹುದು. ಪಟ್ಟಿಗಳು ಸುಮಾರು 1923ರವರೆಗೆ ಆಯಾ ರಾಜ್ಯದ ಆರ್ಕೈವ್ಸ್‌ನಲ್ಲಿ, ಈಚಿನವು ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿವೆ.

ಅಬಾರಿಜಿನಲ್ ಪೂರ್ವಜರನ್ನು ಹುಡುಕುವುದು ಬೇರೆಯೇ ಕೆಲಸವೇ?

ಹೌದು. ಇಲ್ಲಿ ದಾಖಲೆ ಬರೆದ ಕೈಯೇ ಮಕ್ಕಳನ್ನು ಕಿತ್ತುಕೊಂಡ ಕೈಯೂ ಆಗಿತ್ತು. ವಿಕ್ಟೋರಿಯ 1869ರಲ್ಲಿ, ಕ್ವೀನ್ಸ್‌ಲ್ಯಾಂಡ್ 1897ರಲ್ಲಿ, ಪಶ್ಚಿಮ ಆಸ್ಟ್ರೇಲಿಯ 1905ರಲ್ಲಿ, ನ್ಯೂ ಸೌತ್ ವೇಲ್ಸ್ 1909ರಲ್ಲಿ, ದಕ್ಷಿಣ ಆಸ್ಟ್ರೇಲಿಯ 1911ರಲ್ಲಿ ‘ರಕ್ಷಣೆ’ಯ ಹೆಸರಿನಲ್ಲಿ ಕಾಯಿದೆ ತಂದವು. ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ದುಡಿದ ಕೂಲಿ ಯಾರ ಕೈಗೆ ಹೋಗಬೇಕು, ಮಕ್ಕಳು ಎಲ್ಲಿ ಬೆಳೆಯಬೇಕು ಎಂಬುದನ್ನು ಈ ಕಾಯಿದೆಗಳಡಿಯ ರಕ್ಷಣಾ ಮಂಡಳಿಗಳು, ಅಧಿಕಾರಿಗಳು ನಿರ್ಧರಿಸತೊಡಗಿದರು. ಆ ನಿರ್ಧಾರಗಳ ಕಡತಗಳೇ ಇಂದು ಮನೆತನದ ಚರಿತ್ರೆಯ ಆಕರ. ಅದೇ ಹೊತ್ತಿಗೆ, ದೂರದ ಜಾನುವಾರು ಸ್ಟೇಷನ್ನುಗಳಲ್ಲಿ (ದೊಡ್ಡ ದೊಡ್ಡ ದನ, ಕುರಿ ಫಾರಂಗಳು) ಹುಟ್ಟಿದ ಮಗುವಿನ ಜನನ ನೋಂದಣಿ ಆಗದೇ ಉಳಿದದ್ದು ಸಾಮಾನ್ಯ. ಹುಟ್ಟಿದ್ದಕ್ಕೆ ಸರ್ಟಿಫಿಕೇಟಿಲ್ಲ, ಆದರೆ ಹತ್ತನೇ ವಯಸ್ಸಿನಲ್ಲಿ ಯಾವ ಹಾಸ್ಟೆಲಿಗೆ ಕಳಿಸಿದರು ಎಂಬುದಕ್ಕೆ ಐದು ಪತ್ರಗಳಿವೆ. ಇಂಥ ಕಡತಗಳು ಬಹಳ.

ಹಾಗಾದರೆ ಯಾವ ಕ್ರಮದಲ್ಲಿ ಹುಡುಕಬೇಕು?

ಮೊದಲು ಊರು, ಆಮೇಲೆ ಹೆಸರು. ಕುಟುಂಬ ಯಾವ ನೆಲದ್ದು, ಯಾವ ಮಿಷನ್, ಯಾವ ರಿಸರ್ವ್ (ಅಬಾರಿಜಿನಲ್ ಜನರಿಗೆಂದು ಬಿಟ್ಟ ಮೀಸಲು ಜಾಗ), ಯಾವ ಸ್ಟೇಷನ್ನಿನಲ್ಲಿತ್ತು ಎಂದು ಗೊತ್ತುಮಾಡಿಕೊಳ್ಳಿ. ವಿಕ್ಟೋರಿಯದ ಕೊರಾಂಡರ್ಕ್, ನ್ಯೂ ಸೌತ್ ವೇಲ್ಸ್‌ನ ಕಮ್ಮೆರಗುಂಜ, ಕ್ವೀನ್ಸ್‌ಲ್ಯಾಂಡಿನ ಶೆರ್ಬುರ್ಗ್ ಮತ್ತು ಪಾಮ್ ಐಲ್ಯಾಂಡ್, ಪಶ್ಚಿಮದ ಮೂರ್ ರಿವರ್, ಉತ್ತರ ಪ್ರಾಂತ್ಯದ ಹರ್ಮನ್ಸ್‌ಬರ್ಗ್, ಒಂದೊಂದರ ಕಾಗದವೂ ಬೇರೆ ಬೇರೆ ಕಡೆ ಸೇರಿದೆ. ಚರ್ಚು ನಡೆಸಿದ ಮಿಷನ್ ಆದರೆ ದಾಖಲೆ ಸರ್ಕಾರದ ಬಳಿ ಇರದೆ ಚರ್ಚಿನ ಬಳಿಯೇ ಇರಬಹುದು.

ಕ್ಯಾನ್‌ಬೆರಾದ ಐಯಾಟ್ಸಿಸ್ (AIATSIS) ಎಂಬ ಮೂಲನಿವಾಸಿ ಅಧ್ಯಯನ ಸಂಸ್ಥೆ ಅಬಾರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪವಾಸಿಗಳ ಹೆಸರಿನ ಒಂದು ಜೀವನವಿವರ ಇಂಡೆಕ್ಸ್ ಇಟ್ಟಿದೆ, ಕುಟುಂಬ ಚರಿತ್ರೆಗೆ ಮಾರ್ಗದರ್ಶನವನ್ನೂ ಕೊಡುತ್ತದೆ. ಮಾನವಶಾಸ್ತ್ರಜ್ಞ ನಾರ್ಮನ್ ಟಿಂಡೇಲ್ 1920ರ ದಶಕದ ಕೊನೆಯಿಂದ ದೇಶವೆಲ್ಲ ಸುತ್ತಿ ಬರೆದ ವಂಶಾವಳಿಗಳು, ತೆಗೆದ ಫೋಟೋಗಳು ಅಡಿಲೇಡಿನ ದಕ್ಷಿಣ ಆಸ್ಟ್ರೇಲಿಯ ಮ್ಯೂಸಿಯಂನಲ್ಲಿವೆ. ಅವನ್ನು ತೆಗೆದದ್ದು ಜನಾಂಗಗಳನ್ನು ಅಳೆಯುವ ಉದ್ದೇಶದಿಂದ, ಫೋಟೋದಲ್ಲಿರುವವರ ಮನಸ್ಸಿಗೆ ಒಪ್ಪಿಗೆಯಿತ್ತೋ ಇಲ್ಲವೋ. ಆದರೂ ಅಜ್ಜಿಯ ಮುಖ ಮೊದಲ ಬಾರಿ ಕಂಡದ್ದು ಅಲ್ಲೇ ಎನ್ನುವ ಕುಟುಂಬಗಳಿವೆ.

ಇನ್ನೂ ಹಿಂದಿನ ಕಾಲಕ್ಕೆ ಕಂಬಳಿ ಪಟ್ಟಿಗಳನ್ನು ನೋಡಿ. ನ್ಯೂ ಸೌತ್ ವೇಲ್ಸ್ ಸರ್ಕಾರ 1820ರ ದಶಕದಿಂದ ವರ್ಷಕ್ಕೊಮ್ಮೆ ಅಬಾರಿಜಿನಲ್ ಜನಕ್ಕೆ ಕಂಬಳಿ ಹಂಚಿ ಪಟ್ಟಿ ಬರೆಸುತ್ತಿತ್ತು. ಇಂಗ್ಲಿಷ್ ಹೆಸರು, ತಮ್ಮ ಭಾಷೆಯ ಹೆಸರು, ಅಂದಾಜು ವಯಸ್ಸು, ಹೆಂಡತಿ ಮಕ್ಕಳ ಸಂಖ್ಯೆ, ಬುಡಕಟ್ಟು, ಸಾಮಾನ್ಯವಾಗಿ ಓಡಾಡುವ ಜಾಗ. ಎರಡೂ ಹೆಸರು ಒಂದೇ ಸಾಲಿನಲ್ಲಿ ಸಿಗುವುದು ಅಪರೂಪ.

ಒಬ್ಬರಿಗೇ ನಾಲ್ಕು ಹೆಸರು ಬರುತ್ತಿದೆ, ಸರಿಯೇ?

ಪೂರಾ ಸಾಧ್ಯ. ಸ್ಟೇಷನ್ ಮಾಲೀಕನ ಕುಲನಾಮ ಒಂದು, ಮಿಷನ್ನಿನಲ್ಲಿ ಇಟ್ಟ ಹೆಸರು ಒಂದು, ಮಲತಂದೆಯ ಹೆಸರು ಒಂದು, ಮನೆಯವರು ಕರೆಯುವುದು ಒಂದು. ಇನ್ನು ಕೆಲವರನ್ನು ‘ಜಾಕಿ’, ‘ಮೇರಿ’ ಎಂದು ಮೊದಲ ಹೆಸರಿನಲ್ಲೇ ಬಿಟ್ಟಿದ್ದಾರೆ. ಹೆಸರು ಬಿಟ್ಟು ಜಾಗ, ವಯಸ್ಸು, ಒಡಹುಟ್ಟಿದವರ ಗುಂಪು ಇವನ್ನು ಹಿಡಿದು ಹೋಲಿಸಿ. ಐದು ಜನ ಒಡಹುಟ್ಟಿದವರ ಕ್ರಮ ಎರಡು ಕಡತದಲ್ಲಿ ಹೊಂದಿಕೊಂಡರೆ, ಕುಲನಾಮ ಬೇರೆಯಾದರೂ ಕುಟುಂಬ ಒಂದೇ ಆಗಿರುವ ಸಾಧ್ಯತೆ ಬಲವಾಗುತ್ತದೆ.

ಕಡತದಲ್ಲಿ ಒಂದು ಮಗುವಿಗೆ ಇಬ್ಬರು ಮೂವರು ತಾಯಂದಿರು. ಬರೆದವರ ತಪ್ಪೇ?

ತಪ್ಪಿರಲಿಕ್ಕಿಲ್ಲ. ಅನೇಕ ಅಬಾರಿಜಿನಲ್ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ಅವರ ಮಕ್ಕಳು ಒಡಹುಟ್ಟಿದವರೇ. ಇಂಗ್ಲಿಷ್ ಗುಮಾಸ್ತ ಇದನ್ನು ಗೊಂದಲ ಎಂದುಕೊಂಡ. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ: ನಮಗೂ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಅಮ್ಮಂದಿರೇ, ಅವರ ಮಕ್ಕಳು ಅಣ್ಣ ತಂಗಿ, ಆದರೆ ಸೋದರಮಾವನ ಮಗಳು, ಅತ್ತೆಯ ಮಗ ಬೇರೆಯೇ ಸಾಲಿಗೆ ಸೇರಿದವರು. ದ್ರಾವಿಡ ನಂಟಸ್ತಿಕೆ ಮತ್ತು ಆಸ್ಟ್ರೇಲಿಯದ ಕೆಲವು ನಂಟಸ್ತಿಕೆಗಳ ಈ ಹೋಲಿಕೆಯನ್ನು ಮಾನವಶಾಸ್ತ್ರಜ್ಞರು ಬಹಳ ಕಾಲದಿಂದ ಚರ್ಚಿಸಿದ್ದಾರೆ. ವಂಶವೃಕ್ಷದ ಸಾಫ್ಟ್‌ವೇರ್ ಮಾತ್ರ ಒಬ್ಬಳೇ ತಾಯಿ ಎಂದು ಹಟ ಹಿಡಿಯುತ್ತದೆ. ಹೆತ್ತ ತಾಯಿಯನ್ನು ಗೆರೆಯಲ್ಲಿ ಹಾಕಿ, ಸಾಕಿದ ತಾಯಂದಿರನ್ನು ಟಿಪ್ಪಣಿಯಲ್ಲಿ ಬಿಡದೆ ಬರೆಯಿರಿ.

ರಕ್ಷಣಾ ಮಂಡಳಿಯ ಕಡತ ನೋಡಲು ಅರ್ಜಿ ಹೇಗೆ ಹಾಕುವುದು?

ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಪ್ರತ್ಯೇಕ ಸೇವೆಯಿದೆ. ವೈಯಕ್ತಿಕ ವಿವರವಿರುವ ಕಡತಗಳು ಎಲ್ಲರಿಗೂ ತೆರೆದಿಲ್ಲ, ವಂಶಸ್ಥರಿಗೆ ಕೊಡುತ್ತಾರೆ. ಸಾಮಾನ್ಯವಾಗಿ ಕೇಳುವುದು ನಿಮ್ಮ ಗುರುತಿನ ಚೀಟಿ, ಸಂಬಂಧ ತೋರಿಸುವ ಸರ್ಟಿಫಿಕೇಟುಗಳು, ಕಡತದ ವ್ಯಕ್ತಿ ತೀರಿಕೊಂಡಿದ್ದರೆ ಮರಣಪತ್ರ, ಬದುಕಿದ್ದರೆ ಅವರ ಲಿಖಿತ ಒಪ್ಪಿಗೆ. ಅರ್ಜಿಯಲ್ಲಿ ಗೊತ್ತಿರುವ ಎಲ್ಲ ಹೆಸರು, ಎಲ್ಲ ಕಾಗುಣಿತ, ಇದ್ದ ಜಾಗಗಳು, ಅಂದಾಜು ವರ್ಷಗಳನ್ನು ತುಂಬಿ. ಒಂದೇ ಹೆಸರು ಕೊಟ್ಟರೆ ‘ದಾಖಲೆ ಇಲ್ಲ’ ಎಂಬ ಉತ್ತರ ಬರುವುದು ಹೆಚ್ಚು. ಬಂದ ಪ್ರತಿಯಲ್ಲಿ ಬೇರೆಯವರ ಹೆಸರುಗಳಿಗೆ ಕಪ್ಪು ಬಳಿದಿರಬಹುದು. ತಿಂಗಳುಗಟ್ಟಲೆ ಕಾಯಬೇಕಾದೀತು, ವಯಸ್ಸಾದವರಿಗಾಗಿ ಕೇಳುತ್ತಿದ್ದರೆ ಅದನ್ನು ಅರ್ಜಿಯಲ್ಲೇ ಹೇಳಿ.

ಮನೆಯಿಂದ ಕಿತ್ತೊಯ್ದ ಮಕ್ಕಳ ಬಗ್ಗೆ ಹುಡುಕುವುದಾದರೆ?

ಒಬ್ಬರೇ ಹೊರಡಬೇಡಿ. 1997ರ ‘ಬ್ರಿಂಗಿಂಗ್ ದೆಮ್ ಹೋಮ್’ ವರದಿ ‘ಕದ್ದೊಯ್ದ ಪೀಳಿಗೆಗಳು’ ಎಂದು ಕರೆಯುವ ಈ ಮಕ್ಕಳ ನೋವನ್ನು ದಾಖಲಿಸಿತು, 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆದರೆ ಕಡತ ತೆರೆದ ದಿನ ಎದುರಾಗುವುದು ನಿಮ್ಮದೇ ಮನೆಯ ಸಂಕಟ: ತಾಯಿ ಮಗುವನ್ನು ವಾಪಸು ಕೊಡಿ ಎಂದು ಬರೆದ ಪತ್ರ ಕಡತದಲ್ಲೇ ಉಳಿದಿರಬಹುದು, ಮಗುವಿಗೆ ‘ನಿನ್ನ ತಾಯಿ ಸತ್ತಳು’ ಎಂದು ಹೇಳಿರಬಹುದು. ಲಿಂಕ್-ಅಪ್ ಸಂಸ್ಥೆಗಳು ಇದೇ ಕೆಲಸಕ್ಕಿವೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1980ರಲ್ಲಿ ಶುರುವಾದ ಈ ಸೇವೆ ಉಚಿತ. ದಾಖಲೆ ಹುಡುಕುತ್ತಾರೆ, ಆಪ್ತಸಲಹೆ ಕೊಡುತ್ತಾರೆ, ಮನೆಯವರನ್ನು ಮೊದಲ ಸಲ ಭೇಟಿಯಾಗುವಾಗ ಜೊತೆಗೆ ಬರುತ್ತಾರೆ. ಮಕ್ಕಳ ಮನೆಗಳಲ್ಲಿ ಬೆಳೆದವರ ದಾಖಲೆ ಎಲ್ಲಿದೆಯೆಂದು ತಿಳಿಯಲು ಫೈಂಡ್ ಅಂಡ್ ಕನೆಕ್ಟ್ ಎಂಬ ಸರ್ಕಾರಿ ಜಾಲತಾಣವಿದೆ.

1967ಕ್ಕೆ ಮೊದಲು ಅಬಾರಿಜಿನಲ್ ಜನರ ದಾಖಲೆಯೇ ಇಲ್ಲ ಎನ್ನುತ್ತಾರಲ್ಲ?

ತಪ್ಪು. ಸಂವಿಧಾನದ 127ನೇ ವಿಧಿ ದೇಶದ ಒಟ್ಟು ಜನಸಂಖ್ಯೆಯ ಲೆಕ್ಕದಿಂದ ಅವರನ್ನು ಹೊರಗಿಟ್ಟಿತ್ತು, 1967ರ ಮೇ 27ರ ಜನಮತಗಣನೆ ಅದನ್ನು ಕಿತ್ತುಹಾಕಿತು. ಆದರೆ ನೋಂದಣಿ, ಶಾಲೆ, ಪೊಲೀಸ್, ರೇಷನ್, ಮಂಡಳಿಯ ಕಡತಗಳಲ್ಲಿ ಹೆಸರುಗಳು ಮೊದಲಿಂದ ಇವೆ. ಕೇಂದ್ರ ಚುನಾವಣೆಯಲ್ಲಿ ಎಲ್ಲ ಅಬಾರಿಜಿನಲ್ ಜನರಿಗೆ ಮತದ ಹಕ್ಕು ಬಂದದ್ದು 1962ರಲ್ಲಿ, 1967ರಲ್ಲಲ್ಲ. ಮೊದಲ ಮಹಾಯುದ್ಧದ ಸೈನಿಕರ ಕಡತಗಳು ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿ ಉಚಿತವಾಗಿ ತೆರೆದಿವೆ. ಕಾನೂನು ಅಬಾರಿಜಿನಲ್ ಜನರನ್ನು ಸೈನ್ಯದಿಂದ ದೂರವಿಟ್ಟಿದ್ದರೂ ನೂರಾರು ಜನ ಸೇರಿದರು. ಅರ್ಜಿಯಲ್ಲಿ ಜನಾಂಗದ ಕಲಂ ಇಲ್ಲ, ಮೈಬಣ್ಣದ ಕಲಂ ಇದೆ. ‘ಕಪ್ಪು’ ಎಂದಿದ್ದರೆ ಸುಳಿವು ಮಾತ್ರ. ಬಿಸಿಲಲ್ಲಿ ದುಡಿದ ಬಿಳಿಯರಿಗೂ ಹಾಗೇ ಬರೆದಿದ್ದಾರೆ.

ಅಜ್ಜಿ ‘ಇಂಡಿಯನ್’ ಆಗಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ನಂಬಬಹುದೇ?

ಎರಡು ಸಾಧ್ಯತೆ ಇಟ್ಟುಕೊಳ್ಳಿ. ಮಕ್ಕಳನ್ನು ಉಳಿಸಿಕೊಳ್ಳಲು, ಕೆಲಸ ಸಿಗಲು ಎಷ್ಟೋ ಅಬಾರಿಜಿನಲ್ ಕುಟುಂಬಗಳು ತಾವು ಇಂಡಿಯನ್, ಮಾವೊರಿ, ಸ್ಪ್ಯಾನಿಷ್ ಎಂದು ಹೇಳಿಕೊಂಡವು. ಆ ಮಾತನ್ನು ಸುಳ್ಳು ಎಂದು ಹಗುರಾಗಿ ನೋಡಬೇಡಿ, ಅದು ಒಂದು ಮನೆಯನ್ನು ಕಾದ ಮಾತು. ಇನ್ನೊಂದು ಕಡೆ, ನಿಜಕ್ಕೂ ಭಾರತದಿಂದ ಹೋದ ಒಂಟೆ ಸವಾರರು, ತಲೆಹೊರೆ ವ್ಯಾಪಾರಿಗಳು ಹಳ್ಳಿಗಾಡಿನಲ್ಲಿ ತಿರುಗುತ್ತಿದ್ದರು, ಅಬಾರಿಜಿನಲ್ ಹೆಂಗಸರನ್ನು ಮದುವೆಯಾದವರೂ ಅವರಲ್ಲಿದ್ದರು. ಪರೀಕ್ಷಿಸುವ ದಾರಿಯಿದೆ. 1901ರ ವಲಸೆ ನಿರ್ಬಂಧ ಕಾಯಿದೆಯ ನಂತರ ಬಿಳಿಯರಲ್ಲದ ನಿವಾಸಿ ಊರಿಗೆ ಹೋಗಿ ಮರಳಬೇಕಾದರೆ ಉಕ್ತಲೇಖನ ಪರೀಕ್ಷೆಯಿಂದ (ಬಿಳಿಯರಲ್ಲದವರನ್ನು ಒಳಗೆ ಬಿಡದಿರಲು ಬಳಸುತ್ತಿದ್ದ ಪರೀಕ್ಷೆ) ವಿನಾಯಿತಿ ಪತ್ರ ಪಡೆಯಬೇಕಿತ್ತು. ಅದರಲ್ಲಿ ಎದುರಿನ, ಪಕ್ಕದ ಫೋಟೋ ಮತ್ತು ಅಂಗೈ ಗುರುತು ಇರುತ್ತದೆ. ಇಂಥ ಪತ್ರಗಳು ರಾಷ್ಟ್ರೀಯ ಆರ್ಕೈವ್ಸ್‌ನಲ್ಲಿವೆ. ಅಜ್ಜಿಯ ತಂದೆಯ ಹೆಸರಲ್ಲಿ ಅದು ಸಿಕ್ಕರೆ ಭಾರತದ ಬೇರು ಗಟ್ಟಿ. ಸಿಗದೆ, ಅಜ್ಜಿಯ ಮರಣಪತ್ರದಲ್ಲಿ ತಂದೆ ತಾಯಿಯ ಕಲಂ ಖಾಲಿಯಿದ್ದು ಹುಟ್ಟೂರು ಯಾವುದೋ ರಿಸರ್ವ್ ಪಕ್ಕದ್ದಾದರೆ, ಮೊದಲ ಸಾಧ್ಯತೆಯ ಕಡೆ ಹುಡುಕಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ತೀರ್ಮಾನವಾಗುವುದಿಲ್ಲವೇ?

ಆಗುವುದಿಲ್ಲ. ಶೇಕಡಾವಾರು ಲೆಕ್ಕ ಬರುವುದು ಕಂಪನಿಯ ಬಳಿ ಇರುವ ಮಾದರಿಗಳ ಜೊತೆ ಹೋಲಿಸಿ, ಅಬಾರಿಜಿನಲ್ ಜನರ ಮಾದರಿಗಳು ಅಲ್ಲಿ ತೀರಾ ಕಡಿಮೆ. ಆದ್ದರಿಂದ ಫಲಿತಾಂಶ ‘ಮೆಲನೇಷ್ಯ’ ಎಂದೋ ಇನ್ನೇನೋ ಆಗಿ ಬರಬಹುದು. ಮುತ್ತಜ್ಜಿಯ ತಾಯಿಯಿಂದ ನಿಮಗೆ ಬರುವುದು ಸರಾಸರಿ ಶೇ. 6.25 ಮಾತ್ರ, ಇನ್ನೂ ಮೂರು ತಲೆಮಾರು ಹಿಂದೆ ಹೋದರೆ ಏನೂ ಉಳಿಯದಿರಲೂ ಸಾಧ್ಯ. ಸೊನ್ನೆ ಬಂದರೆ ಪೂರ್ವಜರು ಇರಲಿಲ್ಲ ಎಂದಲ್ಲ. ಡಿಎನ್‌ಎ ಉಪಯೋಗಕ್ಕೆ ಬರುವುದು ಹೊಂದಿಕೆಯಾದ ದಾಯಾದಿಗಳನ್ನು ಹುಡುಕಲು. ಅದಕ್ಕೆ ಮನೆಯ ಅತ್ಯಂತ ಹಿರಿಯರ ಮಾದರಿ ಮೊದಲು ಕೊಡಿಸಿ, ಅವರ ಒಪ್ಪಿಗೆ ಕೇಳಿಯೇ.

ಪೂರ್ವಜರು ಸಿಕ್ಕರೆ ನಾನೂ ಅಬಾರಿಜಿನಲ್ ಎಂದು ದೃಢೀಕರಣ ಸಿಗುತ್ತದೆಯೇ?

ವಂಶಾವಳಿ ಮೂರರಲ್ಲಿ ಒಂದು ಭಾಗ. ವಂಶಸಂಬಂಧ, ತಾನು ಅಬಾರಿಜಿನಲ್ ಅಥವಾ ಟಾರೆಸ್ ಜಲಸಂಧಿ ದ್ವೀಪವಾಸಿ ಎಂದು ಗುರುತಿಸಿಕೊಳ್ಳುವುದು, ಸಮುದಾಯ ಒಪ್ಪುವುದು, ಈ ಮೂರೂ ಬೇಕು. ದೃಢೀಕರಿಸುವುದು ಸ್ಥಳೀಯ ಅಬಾರಿಜಿನಲ್ ಸಂಸ್ಥೆಗಳು, ಐಯಾಟ್ಸಿಸ್ ಅಲ್ಲ. ಕಾಗದದ ಕಟ್ಟು ಹಿಡಿದು ಕದ ತಟ್ಟುವ ಮೊದಲು ಆ ಊರಿನ ಹಿರಿಯರನ್ನು ಕಂಡು, ನೀವು ಯಾರ ಮೊಮ್ಮಗ ಮೊಮ್ಮಗಳು ಎಂದು ಹೇಳಿ. ಅವರಿಗೆ ಗೊತ್ತಿರುವುದು ಯಾವ ಆರ್ಕೈವ್ಸ್‌ನಲ್ಲೂ ಇಲ್ಲದಿರಬಹುದು.

ಕೆಜಿಎಫ್, ಬೆಂಗಳೂರಿನಿಂದ ಹೋದ ಆಂಗ್ಲೋ-ಇಂಡಿಯನ್ ಕುಟುಂಬಗಳಿಗೆ ದಾರಿ?

1947ರ ನಂತರ ಹೀಗೆ ಹೋದವರು ಬಹಳ. ಬಿಳಿಯರ ಆಸ್ಟ್ರೇಲಿಯ ನೀತಿಯಡಿ ತಾವು ಬಹುಪಾಲು ಯುರೋಪಿಯನ್ ಮೂಲದವರೆಂದು ತೋರಿಸಬೇಕಿತ್ತಾದ್ದರಿಂದ ಭಾರತದ ಅಜ್ಜಿಯರ ಹೆಸರು ಅರ್ಜಿಗಳಲ್ಲಿ ಮುಚ್ಚಿಹೋಗಿದೆ. ಆಸ್ಟ್ರೇಲಿಯದ ಕಡೆಯಿಂದ ರಾಷ್ಟ್ರೀಯ ಆರ್ಕೈವ್ಸ್‌ನ ವಲಸೆ ಕಡತ ನೋಡಿ. ಇತ್ತ ಬೆಂಗಳೂರು ದಂಡು ಪ್ರದೇಶದ ಚರ್ಚುಗಳ ರಿಜಿಸ್ಟರಿನ ಪ್ರತಿಗಳು ಮದ್ರಾಸ್ ಮೂಲಕ ಲಂಡನ್ನಿಗೆ ಹೋಗಿ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿವೆ. ಅಲ್ಲಿ ಸಿಗದಿದ್ದರೆ ಚರ್ಚಿನ ಮೂಲ ರಿಜಿಸ್ಟರನ್ನೇ ನೋಡಬೇಕು. ದೀಕ್ಷೆಯ ವೇಳೆ ಹೆಣ್ಣಿನ ಹೆಸರು ಬದಲಾಗಿರುವುದು ನೆನಪಿರಲಿ.

ಸಿಕ್ಕಿದ್ದನ್ನು ಆನ್‌ಲೈನಿನಲ್ಲಿ ಹಾಕಬಹುದೇ?

ಬದುಕಿರುವವರ ಹೆಸರು, ಹುಟ್ಟಿದ ದಿನ ಹಾಕಬೇಡಿ. ಅನೇಕ ಅಬಾರಿಜಿನಲ್ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರು ಹೇಳುವುದು, ಫೋಟೋ ತೋರಿಸುವುದು ದುಃಖದ ಕಾಲದಲ್ಲಿ ನಿಷಿದ್ಧ. ಮೊದಲು ಮನೆಯವರನ್ನು ಕೇಳಿ, ಫೋಟೋ ಹಾಕುವುದಾದರೆ ಮುಂಚೆಯೇ ಎಚ್ಚರಿಕೆಯ ಸಾಲು ಬರೆಯಿರಿ.

ಕಡತದಲ್ಲಿ ಅವಮಾನದ ಮಾತು, ತಪ್ಪು ಸಂಗತಿ ಇದ್ದರೆ?

ಇರುತ್ತದೆ. ಜನರನ್ನು ರಕ್ತದ ಭಾಗ ಲೆಕ್ಕಹಾಕಿ ವಿಂಗಡಿಸಿದ ಪದಗಳು, ‘ನಿರ್ಲಕ್ಷ್ಯ ಮಾಡಿದ ತಾಯಿ’ ಎಂಬ ಷರಾ ಪುಟಪುಟಕ್ಕೂ ಸಿಗುತ್ತವೆ. ಟಾಸ್ಮೇನಿಯದಲ್ಲಿ 1876ರಲ್ಲಿ ಟ್ರುಗನಿನಿ ಎಂಬ ಅಬಾರಿಜಿನಲ್ ಮಹಿಳೆ ತೀರಿಕೊಂಡಾಗ ಅಲ್ಲಿನ ಮೂಲಜನ ಮುಗಿದೇಹೋದರು ಎಂದು ಬರೆದುಬಿಟ್ಟರು. ಆಗ ಅದೇ ಮೂಲಜನರ ಫ್ಯಾನಿ ಕಾಕ್ರೇನ್ ಸ್ಮಿತ್ ಬದುಕಿದ್ದರು. 1899 ಮತ್ತು 1903ರಲ್ಲಿ ಮೇಣದ ಸಿಲಿಂಡರಿನಲ್ಲಿ ತಮ್ಮ ಹಾಡುಗಳನ್ನು ಧ್ವನಿಮುದ್ರಿಸಿಕೊಟ್ಟರು, ಅವರ ಸಂತತಿ ಇಂದಿಗೂ ಇದೆ. ನಿಮ್ಮ ಕುಟುಂಬದ ಕಡತದ ಪ್ರತಿಯಲ್ಲಿ ಮೂಲದ ಪದ ಅಳಿಸಬೇಡಿ. ಪಕ್ಕದಲ್ಲಿ ದಿನಾಂಕ ಹಾಕಿ, ಮನೆಯವರು ಹೇಳುವುದನ್ನು ಅವರ ಮಾತಿನಲ್ಲೇ ಬರೆದು, ಹೇಳಿದವರ ಹೆಸರು ಸೇರಿಸಿ. ಕಡತ ಇಟ್ಟುಕೊಂಡಿರುವ ಕಚೇರಿಗೂ ಆ ಹೇಳಿಕೆಯ ಪ್ರತಿ ಕೊಟ್ಟು, ಮೂಲ ಕಡತದ ಜೊತೆ ಸೇರಿಸಿ ಎಂದು ಲಿಖಿತವಾಗಿ ಕೇಳಿ.